ಲಿಸ್ಟರ್ ಮನೆತನ ಮತ್ತು ಬದಲಾಗದ ಎಂಜಿನ್

ಎರಡು ದೊಡ್ಡ ಚಕ್ರ, ಹಸಿರು ಬಣ್ಣ, ಪಕ್ಕದಲ್ಲೊಂದು ನೀರಿನ ಡ್ರಮ್. ಕಾಫಿ ತೋಟಗಳ ಹಳೆಯ ಪಂಪ್‌ಹೌಸ್‌ಗಳನ್ನು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್‌ಗಳನ್ನು ಕಂಡವರಿಗೆ ನಾನು ಯಾವ ಎಂಜಿನ್ ಬಗ್ಗೆ ಹೇಳಹೊರಟಿದ್ದೇನೆ ಎಂದು ಇಷ್ಟರಲ್ಲೇ ಗೊತ್ತಾಗಿರುತ್ತದೆ. ಅದರ ಪ್ಲೇಟಿನ ಮೇಲೆ 5/1, 6/1, 8/1 ಅಂತ ಏನಾದರೊಂದು ಇರುತ್ತದೆ. ಮೊದಲ ಅಂಕಿ ಎಚ್‌.ಪಿ., ಎರಡನೆಯದು ಸಿಲಿಂಡರ್ ಸಂಖ್ಯೆ. ಆ ಪ್ಲೇಟು ಇಂಗ್ಲೆಂಡಿನದೋ ಗುಜರಾತಿನ ರಾಜಕೋಟಿನದೋ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಲಿಸ್ಟರ್ ಡೀಸೆಲ್ ಎಂಜಿನ್ 1930ರ ಹೊತ್ತಿಗೆ ಹುಟ್ಟಿತು. ಇಂಗ್ಲೆಂಡಿನಲ್ಲಿ ಅದನ್ನು ಮಾಡುವುದು ನಿಂತದ್ದು 1987ರಲ್ಲಿ. ಇಷ್ಟು ವರ್ಷ ಅದರ ಮೂಲ ರಚನೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಇದಕ್ಕೆ ಎಂಜಿನಿಯರಿಂಗ್ ಅಷ್ಟೇ ಕಾರಣವಲ್ಲ, ಕಂಪನಿ ಬಹುಕಾಲ ಒಂದು ಮನೆತನದ ಕೈಯಲ್ಲಿದ್ದದ್ದೂ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಆದ್ದರಿಂದ ಮನೆತನದಿಂದಲೇ ಶುರು ಮಾಡೋಣ.

ಊರು ಡರ್ಸ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತ್ಯದ ಒಂದು ಸಣ್ಣ ಉಣ್ಣೆಬಟ್ಟೆಯ ಪೇಟೆ. ಅಲ್ಲಿ ಜಾರ್ಜ್ ಲಿಸ್ಟರ್ ಅವರು ಉಣ್ಣೆ ಹಿಂಜಲು ಬೇಕಾದ ತಂತಿಹಲ್ಲಿನ ಪಟ್ಟಿಗಳನ್ನು ಮಾಡಿಸುತ್ತಿದ್ದರು. ಮಗ ರಾಬರ್ಟ್ ಆ್ಯಷ್ಟನ್ ಲಿಸ್ಟರ್. ಅಪ್ಪ-ಮಗನಿಗೆ ಸರಿಬೀಳಲಿಲ್ಲ. 1867ರಲ್ಲಿ ಮಗ ಬೇರೆಯಾಗಿ, ಅದೇ ಊರಿನಲ್ಲಿ ಆರ್‌.ಎ. ಲಿಸ್ಟರ್ ಅಂಡ್ ಕಂಪನಿ ತೆರೆದರು. ಆಗ ಎಂಜಿನ್ ಮಾತೇ ಇಲ್ಲ. ಮಾಡುತ್ತಿದ್ದದ್ದು ರೈತರಿಗೆ ಬೇಕಾದ ಸಾಮಾನು.

ಇವರ ಕೈ ಹಿಡಿದದ್ದು ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ. ಮಿಕಾಯೆಲ್ ಪೆಡರ್ಸೆನ್ ಎಂಬ ಡೆನ್ಮಾರ್ಕಿನ ಎಂಜಿನಿಯರ್ ಕಂಡುಹಿಡಿದಿದ್ದ ಕ್ರೀಮ್ ಸೆಪರೇಟರ್‌ನ ಹಕ್ಕನ್ನು 1889ರಲ್ಲಿ ಪಡೆದು, ಅಲೆಕ್ಸಾಂಡ್ರಾ ಎಂಬ ಹೆಸರಿನಲ್ಲಿ ಮಾರಿದರು. ಪೆಡರ್ಸೆನ್ ಕೂಡ ಡರ್ಸ್ಲಿಗೇ ಬಂದು ನೆಲೆಸಿದರು. ಈ ಮನುಷ್ಯನಿಗೆ ಸೈಕಲ್ಲಿನ ಸೀಟು ಕುಂಡೆಗೆ ಒತ್ತುವುದೇ ದೊಡ್ಡ ತಲೆನೋವು. ಹಾಗಾಗಿ ಹಗ್ಗದ ಹೆಣಿಗೆಯ ತೂಗುಸೀಟು ಮಾಡಿ, ಅದಕ್ಕೆ ಹೊಂದುವಂತೆ ತೆಳು ಕೊಳವೆಗಳ ತ್ರಿಕೋನಗಳಿಂದ ಒಂದು ವಿಚಿತ್ರ ಸೈಕಲ್ ಕಟ್ಟಿದರು. ಡರ್ಸ್ಲಿ ಪೆಡರ್ಸೆನ್ ಎಂದು ಇವತ್ತಿಗೂ ಸಂಗ್ರಾಹಕರು ಹುಡುಕುವ ಸೈಕಲ್ ಅದು.

ಸೆಪರೇಟರ್ ಕೊಂಡ ರೈತ ದಿನಕ್ಕೆರಡು ಸಲ ಅದರ ಹ್ಯಾಂಡಲ್ ತಿರುಗಿಸಬೇಕು. ಅವನಿಗೆ ಮುಂದೆ ಬೇಕಾಗುವುದೇನು? ತಿರುಗಿಸಲು ಏನಾದರೊಂದು. 1909ರಲ್ಲಿ ಲಿಸ್ಟರ್‌ನವರು ಲಂಡನ್ನಿನ ಸೌತ್‌ವೆಲ್ ಎಂಬ ಕಂಪನಿಯಿಂದ ಪೆಟ್ರೋಲ್ ಎಂಜಿನ್ ಮಾಡುವ ಹಕ್ಕು ಪಡೆದರು. ಎಂಜಿನ್ ಉದ್ಯಮ ಇಲ್ಲಿಂದ ಶುರು. ಗಮನಿಸಿ, ಸೆಪರೇಟರ್ ಮಾದರಿಯಂತೆ ಎಂಜಿನ್ ಮಾದರಿಯೂ ಹೊರಗಿನದೇ. ಈ ಮನೆತನದ ಜಾಣ್ಮೆ ಇದ್ದದ್ದು ಕಂಡುಹಿಡಿಯುವುದರಲ್ಲಿ ಅಲ್ಲ. ತಮ್ಮ ಗಿರಾಕಿಗೆ ನಾಳೆ ಏನು ಬೇಕಾಗುತ್ತದೆ ಎಂದು ತಿಳಿದು, ಅದರ ಒಳ್ಳೆಯ ಮಾದರಿಯನ್ನು ಹುಡುಕಿ ತಂದು, ಗಟ್ಟಿಯಾಗಿ ಮಾಡಿಕೊಡುವುದರಲ್ಲಿ. ಕುರಿ ಉಣ್ಣೆ ಕತ್ತರಿಸುವ ಯಂತ್ರವೂ ಇದೇ ದಾರಿಯಲ್ಲಿ ಬಂತು.

ರಾಬರ್ಟ್ ಆ್ಯಷ್ಟನ್ ಅವರಿಗೆ 1911ರಲ್ಲಿ ಸರ್ ಪದವಿ ಸಿಕ್ಕಿತು. 1918ರಿಂದ 1922ರವರೆಗೆ ಪಾರ್ಲಿಮೆಂಟಿನಲ್ಲೂ ಕೂತರು. 1920ರ ದಶಕದ ನಡುವಿನಲ್ಲಿ ಆಡಳಿತ ಮೊಮ್ಮಕ್ಕಳ ಕೈಗೆ ಬಂತು. ಇಲ್ಲಿ ಕೊಡಗಿನಲ್ಲಿ ಒಕ್ಕದ (ಮನೆತನದ) ಪಟ್ಟೆದಾರಿಕೆ, ಅಂದರೆ ಯಜಮಾನಿಕೆ, ಹಿರಿತನದಿಂದ ಬರುವುದು ನಿಮಗೆಲ್ಲ ಗೊತ್ತು. ಡರ್ಸ್ಲಿಯಲ್ಲಿ ಹಾಗಾಗಲಿಲ್ಲ, ಚಿಕ್ಕ ವಯಸ್ಸಿನ ಮೊಮ್ಮಗ ಪರ್ಸಿ ಲಿಸ್ಟರ್ ಮುಂದಾಳಾದರು. ಅವರ ಕಾಲದಲ್ಲಿ ಕಂಪನಿ ಎಂಜಿನ್ ಕಡೆಗೆ ಪೂರ್ತಿ ವಾಲಿತು. 1926ರಲ್ಲಿ ಡಿ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ ಬಂತು, ಅದೂ ಸುಮಾರು ನಾಲ್ಕು ದಶಕ ನಡೆಯಿತು. 1929ರಲ್ಲಿ ಮೊದಲ ಡೀಸೆಲ್, 9 ಎಚ್‌.ಪಿ.ಯದ್ದು. ಅದರ ಬೆನ್ನಿಗೇ ನಮ್ಮ ಸಿ.ಎಸ್‌. ಮಾದರಿ. ಸಿ.ಎಸ್‌. ಅಂದರೆ ಕೋಲ್ಡ್ ಸ್ಟಾರ್ಟ್. ಸ್ಥಾಪಕರು ಅದೇ 1929ರಲ್ಲಿ ತೀರಿಕೊಂಡರು.

ಕೋಲ್ಡ್ ಸ್ಟಾರ್ಟ್ ಅನ್ನುವುದು ಆಗ ದೊಡ್ಡ ಮಾತು. ಅದಕ್ಕೆ ಮುಂಚಿನ ಅನೇಕ ಆಯಿಲ್ ಎಂಜಿನ್‌ಗಳಲ್ಲಿ ಹೆಡ್ಡಿನ, ಅಂದರೆ ಸಿಲಿಂಡರ್ ಮುಚ್ಚಳದ, ಬಲ್ಬನ್ನು ಬ್ಲೋಲ್ಯಾಂಪ್ ಹಿಡಿದು ಕಾಯಿಸಿ, ಆಮೇಲೆ ಹ್ಯಾಂಡಲ್ ಹೊಡೆಯಬೇಕಿತ್ತು. ಲಿಸ್ಟರ್‌ನಲ್ಲಿ ಹಾಗೇನಿಲ್ಲ. ಡೀಸೆಲ್ ಪೈಪಿನ ಗಾಳಿ ತೆಗೆದು, ಡೀಸೆಲ್ ಚಿಮ್ಮಿಸುವ ನಾಜಲ್ ಕಿರ್ ಅನ್ನುವವರೆಗೆ ಪಂಪನ್ನು ಕೈಯಲ್ಲಿ ಒತ್ತಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ಚಕ್ರಕ್ಕೆ ವೇಗ ಬರಿಸಿ, ಲಿವರ್ ಬಿಟ್ಟರೆ ಆಯಿತು.

ಚಳಿಯಲ್ಲೂ ಹತ್ತಿಕೊಳ್ಳುವುದರ ಗುಟ್ಟು ಹೆಡ್ಡಿನ ಪಕ್ಕದ ಒಂದು ಸಣ್ಣ ಕೈಚಕ್ರದಲ್ಲಿದೆ. ಮೂಲ ಲಿಸ್ಟರ್‌ನಲ್ಲಿ ಡೀಸೆಲ್ ಉರಿಯುವ ಕೋಣೆ ಎರಡು ಭಾಗವಾಗಿದೆ. ಕೈಚಕ್ರ ತಿರುಗಿಸಿ ಒಳಗೆ ಬಿಗಿದರೆ ಹಿಂದಿನ ಭಾಗ ಮುಚ್ಚಿಕೊಳ್ಳುತ್ತದೆ. ಗಾಳಿ ಇರುವ ಜಾಗ ಕಡಿಮೆಯಾಗಿ ಕಂಪ್ರೆಷನ್, ಅಂದರೆ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು, ಸುಮಾರು 19ಕ್ಕೆ ಏರುತ್ತದೆ. ಎಂಜಿನ್ ಬಿಸಿಯಾಗಿ ಹೊರೆ ಬಿದ್ದ ಮೇಲೆ ಚಕ್ರವನ್ನು ಹೊರಕ್ಕೆ ತಿರುಗಿಸಬೇಕು. ಆಗ ಕಂಪ್ರೆಷನ್ 15ರ ಆಸುಪಾಸಿಗೆ ಇಳಿದು ಬಡಿತ ಮೆತ್ತಗಾಗುತ್ತದೆ. ಕಡಿಮೆ ಹೊರೆಯಲ್ಲಿ ಓಡಿಸುವುದಾದರೆ ಮುಚ್ಚಿಯೇ ಇಡಬಹುದು. ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಟ್ಟರೆ ಈ ವಾಲ್ವ್ ಮಸಿ ಕಟ್ಟಿ ಹಿಡಿದುಕೊಳ್ಳುತ್ತದೆ. ತೆರೆದ ಸ್ಥಿತಿಯಲ್ಲಿ ಹಿಡಿದುಕೊಂಡಿತೋ, ಡಿಸೆಂಬರ್ ಬೆಳಗ್ಗೆ ಹಣ್ಣು ಪಲ್ಪ್ ಮಾಡಲು ಹೋದಾಗ ಎಷ್ಟು ಹೊಡೆದರೂ ಬರೀ ಬಿಳಿ ಹೊಗೆ. ಜನ ನಾಜಲ್ ಬಿಚ್ಚುತ್ತಾರೆ, ಪಂಪ್ ಬಿಚ್ಚುತ್ತಾರೆ. ಕೈಚಕ್ರ ತಿರುಗುತ್ತದೆಯೇ ಎಂದು ಮೊದಲು ನೋಡಿ.

ಈಗ ಅಳತೆಗೆ ಬರೋಣ. 6/1 ಎಂಜಿನ್ನಿನ ಬೋರ್ (ಸಿಲಿಂಡರಿನ ಅಡ್ಡಳತೆ) 114.3 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 139.7 ಮಿ.ಮೀ. ಅಂದರೆ ನಾಲ್ಕೂವರೆ ಇಂಚು, ಐದೂವರೆ ಇಂಚು. ಗಾತ್ರ 1433 ಸಿ.ಸಿ. ಒಂದು ಕಾರಿನ ನಾಲ್ಕು ಸಿಲಿಂಡರ್‌ಗಳದ್ದನ್ನು ಒಂದರಲ್ಲೇ ಇಟ್ಟಷ್ಟು. ಕೊಡುವುದು 650 ಆರ್‌.ಪಿ.ಎಂ.ನಲ್ಲಿ 6 ಎಚ್‌.ಪಿ. ಮಾತ್ರ. ಇದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲೂ ತೋಟಗಳಲ್ಲೂ ಕಾಣುವ ಕಿರ್ಲೋಸ್ಕರ್ ಎ.ವಿ.1ರ ಜೊತೆ ಇಟ್ಟು ನೋಡಿ. ಅದರ ಬೋರ್ 80, ಸ್ಟ್ರೋಕ್ 110, ಗಾತ್ರ 553 ಸಿ.ಸಿ., 1500 ಆರ್‌.ಪಿ.ಎಂ.ನಲ್ಲಿ 5 ಎಚ್‌.ಪಿ.

ಲಿಸ್ಟರ್ ದೊಡ್ಡದಾದ್ದರಿಂದ ಪಿಸ್ಟನ್ನಿನ ಮೇಲೆ ಒತ್ತಡ ಕಡಿಮೆ, ಅದಕ್ಕೇ ಬಾಳಿಕೆ ಬರುತ್ತದೆ ಎಂದು ಹಲವರು ಹೇಳುವುದನ್ನು ಕೇಳಿರುತ್ತೀರಿ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಪೂರ್ತಿ ಹೊರೆಯಲ್ಲಿ ಸರಾಸರಿ ಒತ್ತಡ ಎರಡರಲ್ಲೂ ಐದೂವರೆ ಬಾರ್‌ನ ಹತ್ತಿರವೇ, ಲಿಸ್ಟರ್‌ನದ್ದೇ ಒಂದು ಕೂದಲು ಹೆಚ್ಚು. ವ್ಯತ್ಯಾಸ ಇರುವುದು ವೇಗದಲ್ಲಿ. ಲಿಸ್ಟರ್‌ನ ಪಿಸ್ಟನ್ ಸೆಕೆಂಡಿಗೆ ಸರಾಸರಿ 3 ಮೀಟರ್ ಓಡುತ್ತದೆ, ಎ.ವಿ.1ರದ್ದು 5.5 ಮೀಟರ್. ಗಂಟೆಗೆ ಒಂದು 39,000 ಸುತ್ತು, ಇನ್ನೊಂದು 90,000 ಸುತ್ತು. ಪಿಸ್ಟನ್ ರಿಂಗ್, ಸಿಲಿಂಡರಿನ ಒಳಕೊಳವೆಯಾದ ಲೈನರ್, ವಾಲ್ವ್ ಸೀಟು, ನಾಜಲ್ ಎಲ್ಲವೂ ಸವೆಯುವುದು ಸುತ್ತಿನ ಲೆಕ್ಕದಲ್ಲಿ. ಇಷ್ಟು ನಿಧಾನ ಓಡುವುದರಿಂದಲೇ ಆಯಿಲ್ ಪಂಪ್ ಇಲ್ಲದೆ, ಕನೆಕ್ಟಿಂಗ್ ರಾಡಿನ ಬುಡಕ್ಕೆ ಒಂದು ಚಮಚ ಕಟ್ಟಿ, ಅದು ಎಣ್ಣೆಯಲ್ಲಿ ಮುಳುಗಿ ಎದ್ದು ಎರಚುವುದರಲ್ಲೇ ಕೆಲಸ ನಡೆಯುತ್ತದೆ. ಫಿಲ್ಟರ್ ಇಲ್ಲದ ಕಡೆ ಕೊಳೆ ತಳಕ್ಕೇ ಕೂರಬೇಕು, ಆದ್ದರಿಂದ 250 ಗಂಟೆ ದಾಟಿಸದೆ ಎಣ್ಣೆ ಬದಲಿಸಿ, ತಳವನ್ನು ಬಟ್ಟೆಯಿಂದ ಒರೆಸಿ. ವೇಸ್ಟ್ ಹತ್ತಿ ಬೇಡ, ಅದರ ಎಳೆ ಚಮಚದ ರಂಧ್ರಕ್ಕೆ ಸೇರಿಕೊಳ್ಳುತ್ತದೆ.

ಇಷ್ಟು ತೂಕದ, ಇಷ್ಟು ಕಡಿಮೆ ಶಕ್ತಿಯ ಎಂಜಿನ್ನನ್ನು ಐವತ್ತು ಚಿಲ್ಲರೆ ವರ್ಷ ಬದಲಿಸದೆ ಮಾರಲು ಧೈರ್ಯ ಬೇಕು. ಪ್ರತಿವರ್ಷ ಹೊಸ ಮಾದರಿ ತೋರಿಸಬೇಕೆಂದು ಕೇಳುವ ಷೇರುದಾರರ ಕೈಯಲ್ಲಿ ಕಂಪನಿ ಮೊದಲಿನಿಂದಲೂ ಇದ್ದಿದ್ದರೆ ಅದು ಸಾಧ್ಯವಾಗುತ್ತಿತ್ತೆಂದು ನನಗನಿಸುವುದಿಲ್ಲ. 1950ರ ದಶಕದಲ್ಲಿ ಇವರೇ ಗಾಳಿಯಿಂದ ತಣಿಯುವ ಹಗುರ, ವೇಗದ ಡೀಸೆಲ್‌ಗಳನ್ನು ತಂದರು. ಆದರೆ ಹಳೆಯದನ್ನು ನಿಲ್ಲಿಸಲಿಲ್ಲ. ಬಿಡಿಭಾಗ ಬೇಕೆಂದು ಬರೆಯುವ ಗಿರಾಕಿ ಇರುವತನಕ ಅದೂ ಇರಲಿ ಎಂಬುದು ಮನೆತನದ ಲೆಕ್ಕ. ಇದೇ ಸಿ.ಎಸ್‌.ಗೆ ಡೈನಮೋ ಜೋಡಿಸಿ ಸ್ಟಾರ್ಟೋಮ್ಯಾಟಿಕ್ ಎಂದು ಮಾರಿದರು. ಕರೆಂಟ್ ಇಲ್ಲದ ಬಂಗಲೆಯಲ್ಲಿ ಯಾರಾದರೂ ಒಂದು ದೀಪದ ಸ್ವಿಚ್ ಹಾಕಿದರೆ ಸಾಕು, ಬ್ಯಾಟರಿ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುತ್ತದೆ. ಕೊನೆಯ ದೀಪ ಆರಿಸಿದರೆ ಎಂಜಿನ್ ತಾನೇ ನಿಲ್ಲುತ್ತದೆ.

ಬದಲಾಗದ ವಸ್ತುವಿಗೆ ಒಂದು ಅಪಾಯ ಇದೆ. ಅದನ್ನು ಯಾರು ಬೇಕಾದರೂ ಕಲಿತು ಮಾಡಬಹುದು. 1950ರ ದಶಕದ ಕೊನೆಗೆ ನಮ್ಮಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು, ಆಮದು ಬಿಗಿಯಾಯಿತು. ನೀರಾವರಿಗೆ ಎಂಜಿನ್ ಬೇಕು, ಇಂಗ್ಲೆಂಡಿನದು ಸಿಗುವುದಿಲ್ಲ. ರಾಜಕೋಟಿನ ಫೌಂಡ್ರಿಗಳು ಲಿಸ್ಟರ್‌ನ ಅಚ್ಚನ್ನೇ ಇಟ್ಟುಕೊಂಡು ಎರಕ ಹೊಯ್ದವು. ಸೂಕ್ಷ್ಮ ಯಂತ್ರಗಳಿಲ್ಲದ ವರ್ಕ್‌ಶಾಪಿನಲ್ಲೂ ಮಾಡಲು ಬರುವಂಥ ರಚನೆ ಅದು. ಡೀಸೆಲ್ ಪಂಪ್ ಮತ್ತು ನಾಜಲ್ ಮಾತ್ರ ಹೊರಗಿನಿಂದ ತಂದರಾಯಿತು. ಮೂಲ ಕಾರ್ಖಾನೆ ಕೈಬಿಟ್ಟ ಮೇಲೂ ಇಲ್ಲಿ ಉತ್ಪಾದನೆ ಮುಂದುವರಿಯಿತು. ನಮ್ಮ ನಾಡಿನ ಎಂಜಿನ್‌ಗಳು ಅಮೆರಿಕದ ಹವ್ಯಾಸಿಗಳವರೆಗೂ ಹೋದವು.

ಬಿಡಿಭಾಗಗಳು ಬಹುಪಾಲು ಒಂದಕ್ಕೊಂದು ಹೊಂದುತ್ತವೆ. ಆದರೆ ಬಹುಪಾಲು ಅಂದರೆ ಎಲ್ಲವೂ ಅಲ್ಲ. ರಾಜಕೋಟ್ ಮಾದರಿಗಳಲ್ಲಿ ನಾನು ಹೇಳಿದ ಕೈಚಕ್ರದ ವಾಲ್ವ್ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ನೇರವಾಗಿ ಪಿಸ್ಟನ್ ಮೇಲೇ ಡೀಸೆಲ್ ಚಿಮ್ಮಿಸುವಂಥವು. ಒಂದರ ಹೆಡ್ಡಿಗೆ ಇನ್ನೊಂದರ ನಾಜಲ್ ಹಾಕಿದರೆ ಕೂರುತ್ತದೆ, ಉರಿಯುವುದಿಲ್ಲ. ಹೆಡ್ ಅಥವಾ ಪಿಸ್ಟನ್ ಬದಲಿಸಿದ ಮೇಲೆ ಪಿಸ್ಟನ್‌ಗೂ ಹೆಡ್ಡಿಗೂ ನಡುವಿನ ಜಾಗವನ್ನು ಅಳೆಯಲೇಬೇಕು. ಪಿಸ್ಟನ್ ತಲೆಯ ಮೇಲೆ ಸೀಸದ ತಂತಿಯ ತುಂಡಿಟ್ಟು, ಹೆಡ್ ಬಿಗಿದು, ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪ ನೋಡಿ. ಸುಮಾರು 1 ಮಿ.ಮೀ. ಇರಬೇಕು. ಹೆಚ್ಚಿದ್ದರೆ ಬ್ಲಾಕಿನ ಕೆಳಗಿನ ಪ್ಯಾಕಿಂಗ್ ತೆಗೆಯಿರಿ, ಕಡಿಮೆ ಇದ್ದರೆ ಸೇರಿಸಿ. ಡೀಸೆಲ್ ಬೀಳುವ ಹೊತ್ತು ಪಿಸ್ಟನ್ ಮೇಲೆ ಬರುವುದಕ್ಕೆ ಸುಮಾರು 20 ಡಿಗ್ರಿ ಮುಂಚೆ. ಡಿಗ್ರಿ ಅಳೆಯುವ ಸಾಧನ ಬೇಕಿಲ್ಲ. ಚಕ್ರದ ಸುತ್ತಳತೆಯನ್ನು ಟೇಪಿನಿಂದ ಅಳೆದು 18ರಿಂದ ಭಾಗಿಸಿದರೆ 20 ಡಿಗ್ರಿಯ ದೂರ ಸಿಗುತ್ತದೆ, ಅಲ್ಲಿ ಚಾಕ್ ಗುರುತು ಹಾಕಿ.

ಹೊಸ ರಾಜಕೋಟ್ ಎಂಜಿನ್ ತಂದವರು ಚಾಲೂ ಮಾಡುವ ಮುಂಚೆ ಕ್ರ್ಯಾಂಕ್‌ಕೇಸಿನ ಬಾಗಿಲು ತೆಗೆದು ಒಳಗೆ ಕೈಯಾಡಿಸಿ. ಎರಕದ ಮರಳು ಮೂಲೆಗಳಲ್ಲಿ ಅಂಟಿಕೊಂಡಿರುವುದುಂಟು. ಎಂಜಿನ್ ಬಿಸಿಯಾದಾಗ ಅದು ಕಳಚಿ ಎಣ್ಣೆಗೆ ಬೀಳುತ್ತದೆ, ಬೇರಿಂಗ್ ತಿನ್ನುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆಗೆ ಕರಗದ ಬಣ್ಣ ಹೊಡೆದರೆ ಉಳಿದ ಮರಳೂ ಅಲ್ಲೇ ಕೂತಿರುತ್ತದೆ. ಇನ್ನೊಂದು ಫ್ಲೈವೀಲಿನ ಕೀ, ಅಂದರೆ ದೊಡ್ಡ ಚಕ್ರವನ್ನು ಅದರ ದಂಡಕ್ಕೆ ಬಿಗಿಯುವ ಕಬ್ಬಿಣದ ತುಂಡು. ಅದು ಸಡಿಲವಾದರೆ ಬರುವ ಶಬ್ದ ಥೇಟ್ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದ ಶಬ್ದವೇ. ಸುಮ್ಮನೆ ಬೇರಿಂಗ್ ಬದಲಿಸಿದವರು ಬಹಳ ಜನ. ಕೀಯ ತಲೆ ಚಕ್ರದ ನಡುಭಾಗಕ್ಕೆ ತಾಗಿ ನಿಂತಿದ್ದರೆ ಅದು ಬಿಗಿಯಾಗಿಲ್ಲವೆಂದೇ ಅರ್ಥ. ಬಿಗಿದ ಮೇಲೂ ನಡುವೆ ಬೆಣೆ ತೂರಿಸಿ ಎಬ್ಬಿಸುವಷ್ಟು ಸಂದು ಉಳಿಯಬೇಕು. ಉಳಿಯದಿದ್ದರೆ ದಪ್ಪದ ಕೀ ಮಾಡಿಸಿ, ತಗಡು ಸೇರಿಸಿ ಹೊಡೆಯಬೇಡಿ.

ಮತ್ತೆ ಇತಿಹಾಸಕ್ಕೆ. ಲಿಸ್ಟರ್‌ಗೆ ಇಂಗ್ಲೆಂಡಿನಲ್ಲಿ ಒಬ್ಬ ಸರಿಸಮ ಎದುರಾಳಿ ಇತ್ತು, ಯೋವಿಲ್ ಊರಿನ ಪೆಟರ್. ಅದೂ ಮನೆತನದ್ದೇ. ಅವಳಿ ಸಹೋದರರಾದ ಅರ್ನೆಸ್ಟ್ ಮತ್ತು ಪರ್ಸಿವಲ್ ಪೆಟರ್ ಬೆಳೆಸಿದ್ದು. 1915ರಲ್ಲಿ ಅವರು ವಿಮಾನಗಳಿಗೂ ಕೈಹಾಕಿ ವೆಸ್ಟ್‌ಲ್ಯಾಂಡ್ ಕಾರ್ಖಾನೆ ತೆರೆದರು. ಅರ್ನೆಸ್ಟ್ ಅವರ ಮಗ ಟೆಡ್ಡಿ ಪೆಟರ್ ವಿಮಾನ ವಿನ್ಯಾಸಕಾರರಾದರು. ಸೇನೆಯಲ್ಲಿದ್ದವರು ಸಭೆಯಲ್ಲಿ ಇದ್ದೇ ಇರುತ್ತೀರಿ, ಆದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲಿ ತಯಾರಾಗಿ 1965ರ ಯುದ್ಧದಲ್ಲಿ ಹಾರಿದ ನ್ಯಾಟ್ ವಿಮಾನದ ವಿನ್ಯಾಸ ಈ ಪೆಟರ್ ಅವರದೇ, ಅವರು ಫೋಲ್ಯಾಂಡ್ ಕಂಪನಿಯಲ್ಲಿದ್ದಾಗ ಮಾಡಿದ್ದು. ಆ ಫೋಲ್ಯಾಂಡನ್ನು 1959ರಲ್ಲಿ ಹಾಕರ್ ಸಿಡ್ಲಿ ಎಂಬ ದೊಡ್ಡ ಸಮೂಹ ನುಂಗಿತು. ಪೆಟರ್ ಎಂಜಿನ್ ವ್ಯವಹಾರ ಅದಕ್ಕೂ ಮುಂಚೆ, 1957ರಲ್ಲಿ, ಬ್ರಷ್ ಸಮೂಹದ ಜೊತೆ ಅದೇ ಹಾಕರ್ ಸಿಡ್ಲಿಯ ಪಾಲಾಗಿತ್ತು. 1965ರಲ್ಲಿ ಲಿಸ್ಟರ್‌ನ ಸರದಿ. ನೂರು ತುಂಬಲು ಎರಡು ವರ್ಷ ಬಾಕಿ ಇರುವಾಗ ಕಂಪನಿ ಮನೆತನದ ಕೈತಪ್ಪಿತು. 1986ರಲ್ಲಿ ಎರಡು ಹಳೆಯ ಎದುರಾಳಿಗಳನ್ನು ಸೇರಿಸಿ ಲಿಸ್ಟರ್-ಪೆಟರ್ ಮಾಡಿದರು. ಮರುವರ್ಷವೇ ಸಿ.ಎಸ್‌. ನಿಂತಿತು. 2014ರಲ್ಲಿ ಕಂಪನಿ ಡರ್ಸ್ಲಿಯನ್ನೂ ಬಿಟ್ಟಿತು.

ಕಿರ್ಲೋಸ್ಕರ್ ಕಥೆ ನಿಮಗೆ ಹತ್ತಿರದ್ದು, ಚುಟುಕಾಗಿ ಹೇಳುತ್ತೇನೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕಿರ್ಲೋಸ್ಕರ್‌ವಾಡಿ. ಆಯಿಲ್ ಎಂಜಿನ್ ಕಂಪನಿ ಪುಣೆಯಲ್ಲಿ ಶುರುವಾದದ್ದು 1946ರಲ್ಲಿ, ಮಗ ಶಂತನುರಾವ್ ಅವರ ಕಾಲದಲ್ಲಿ. ಇಲ್ಲೂ ರೈತನ ಒಂದು ಅಗತ್ಯದ ಹಿಂದೆ ಇನ್ನೊಂದನ್ನು ಹಿಡಿದೇ ಎಂಜಿನ್ನಿಗೆ ಬಂದದ್ದು. ಆದರೆ ಇವರು 1500 ಆರ್‌.ಪಿ.ಎಂ. ಕಡೆ ಹೋದರು. ಪಂಪಿಗೆ, ಜನರೇಟರಿಗೆ ನೇರ ಜೋಡಿಸಬಹುದು, ಪುಲ್ಲಿ-ಬೆಲ್ಟ್ ಬೇಡ.

ಇದರಿಂದ ತೋಟಗಳಲ್ಲಿ ಒಂದು ಎಡವಟ್ಟು ಆಗುವುದನ್ನು ನೋಡುತ್ತೇವೆ. ಲಿಸ್ಟರ್‌ಗೆ 16 ಇಂಚಿನ ಪುಲ್ಲಿ, ಪಂಪಿಗೆ 7 ಇಂಚಿನದು ಇದ್ದರೆ ಪಂಪು 1485 ಸುತ್ತು ಓಡುತ್ತದೆ. ಎಂಜಿನ್ ಹಳೆಯದಾಯಿತೆಂದು 1500ರದ್ದು ತಂದು, ಅದೇ ಪುಲ್ಲಿಗಳನ್ನು ಹಾಕಿದರೆ ಪಂಪು 3400 ದಾಟಬೇಕಾಗುತ್ತದೆ. ಪಂಪು ಎಳೆಯುವ ಶಕ್ತಿ ವೇಗದ ಘನಕ್ಕೆ ಏರುವುದರಿಂದ ಹನ್ನೆರಡು ಪಟ್ಟು ಎಚ್‌.ಪಿ. ಬೇಕು. ಎಂಜಿನ್ ಹೊಗೆ ಉಗುಳಿ ಕೂರುತ್ತದೆ. ಬೈಗುಳ ಹೊಸ ಎಂಜಿನ್ನಿಗೆ.

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕುವವರಿಗೆ ಒಂದು ಲೆಕ್ಕ. ಎಕರೆಗೆ ಒಂದು ಇಂಚು ನೀರೆಂದರೆ 1 ಲಕ್ಷ 3 ಸಾವಿರ ಲೀಟರ್. ಕೆರೆಯಿಂದ ಏರು, ಪೈಪಿನ ತಿಕ್ಕಾಟ, ಸ್ಪ್ರಿಂಕ್ಲರ್ ಒತ್ತಡ ಎಲ್ಲ ಸೇರಿ 60 ಮೀಟರ್ ಎಂದಿಟ್ಟುಕೊಳ್ಳಿ. 6 ಎಚ್‌.ಪಿ. ಎಂಜಿನ್ ಸೆಕೆಂಡಿಗೆ 4 ಲೀಟರ್ ಕೊಟ್ಟರೆ ಹೆಚ್ಚು. ಒಂದು ಎಕರೆಗೆ ಏಳು ಗಂಟೆ. ರೊಬಸ್ಟಾ ತೋಟಕ್ಕೆ ಎರಡು ಸಿಲಿಂಡರಿನದ್ದು ಯಾಕೆ ಬೇಕೆಂದು ಇದರಲ್ಲೇ ತಿಳಿಯುತ್ತದೆ.

ತಂಪು ಮಾಡುವ ನೀರಿನದು ಇಲ್ಲಿ ಬಹಳ ಕಾಣುವ ತಪ್ಪು. ಮೂಲ ವ್ಯವಸ್ಥೆಯಲ್ಲಿ ಪಂಪ್ ಇಲ್ಲ. ಬಿಸಿಯಾದ ನೀರು ಹಗುರಾಗಿ ಮೇಲಿನ ಪೈಪಿನಿಂದ ಡ್ರಮ್ಮಿಗೆ ಏರುತ್ತದೆ, ತಣ್ಣೀರು ಕೆಳಗಿನಿಂದ ಬರುತ್ತದೆ. ಡ್ರಮ್ಮಿನ ನೀರು ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಓಡಾಟ ಅಲ್ಲಿಗೇ ನಿಲ್ಲುತ್ತದೆ. ಈ ರಗಳೆಯೇ ಬೇಡವೆಂದು ಪಂಪಿನ ಡೆಲಿವರಿಯಿಂದ ಒಂದು ಟ್ಯೂಬ್ ಎಳೆದು ಕೆರೆಯ ನೀರನ್ನೇ ಎಂಜಿನ್ ಒಳಗೆ ಹಾಯಿಸುತ್ತಾರೆ. ಎಂಜಿನ್ ಬಿಸಿಯೇ ಆಗುವುದಿಲ್ಲ ಎಂದು ಸಂತೋಷ. ಬಿಸಿಯಾಗದಿರುವುದೇ ತೊಂದರೆ. ತಣ್ಣಗಿನ ಲೈನರ್ ಮೇಲೆ ಡೀಸೆಲ್ ಪೂರ್ತಿ ಉರಿಯದೆ ಎಣ್ಣೆಯ ಪೊರೆಯನ್ನು ತೊಳೆಯುತ್ತದೆ, ರಿಂಗ್ ಅಂಟುತ್ತದೆ, ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸೋರುತ್ತದೆ. ಹಿಂದಿನ ಡೀಸೆಲ್ಲಿನಲ್ಲಿ ಗಂಧಕ ಹೆಚ್ಚಿದ್ದಾಗ ಆಮ್ಲವಾಗಿ ಲೈನರನ್ನೂ ತಿನ್ನುತ್ತಿತ್ತು. ಟ್ಯೂಬನ್ನು ಎಂಜಿನ್ನಿಗೆ ಕೊಡಬೇಡಿ, ಗೇಟ್ ವಾಲ್ವ್ ಹಾಕಿ ಡ್ರಮ್ಮಿಗೆ ಸಣ್ಣಗೆ ಬಿಡಿ. ಹೆಡ್ಡಿನಿಂದ ಬರುವ ಪೈಪನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಲಾಗದಷ್ಟು ಬಿಸಿ ಇರಲಿ.

ಕೊನೆಯದಾಗಿ ಎತ್ತರ. ಮಡಿಕೇರಿ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ. 10ರಷ್ಟು ಕಡಿಮೆ, ಎಂಜಿನ್ನಿನ ಶಕ್ತಿಯೂ ಅಷ್ಟೇ ಕಡಿಮೆ. ಅದನ್ನು ತುಂಬಿಸಲು ಮೆಕ್ಯಾನಿಕ್ಕಿಗೆ ಹೇಳಿ ಡೀಸೆಲ್ ಜಾಸ್ತಿ ಮಾಡಿಸುತ್ತಾರೆ. ಗಾಳಿ ಇಲ್ಲದೆ ಆ ಡೀಸೆಲ್ ಉರಿಯುವುದಿಲ್ಲ, ಕಪ್ಪು ಹೊಗೆಯಾಗಿ ಹೋಗುತ್ತದೆ, ನಾಜಲ್ ತುದಿ ಮಸಿ ಕಟ್ಟುತ್ತದೆ. ಆಗಲೇ ಹೇಳಿದ ಘನದ ಲೆಕ್ಕ ಇಲ್ಲಿ ನಮ್ಮ ಪರವಾಗಿದೆ. ಹೊರೆಯನ್ನು ಶೇ. 10 ಇಳಿಸಲು ಪಂಪಿನ ವೇಗವನ್ನು ಶೇ. 3.5ರಷ್ಟು ಇಳಿಸಿದರೆ ಸಾಕು. ಎಂಜಿನ್ ಕಡೆಯ 16 ಇಂಚಿನ ಪುಲ್ಲಿಯ ಬದಲು ಹದಿನೈದೂವರೆ ಇಂಚಿನದು ಹಾಕಿ, ಒತ್ತಡ ಶೇ. 7ರಷ್ಟು ಇಳಿಯುವುದರಿಂದ ಲೈನಿನ ಕೊನೆಯ ಸ್ಪ್ರಿಂಕ್ಲರ್ ಒಂದನ್ನು ಮುಚ್ಚಿ.